ಬೂದು ಬಣ್ಣಕ್ಕೆ ಬಿಟ್ಟ ಸಾಗುವಾನಿ

ನಮ್ಮ ದೋಣಿ ಹತ್ತಿದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. “ಒಳ್ಳೆ ಸಾಗುವಾನಿ ಅಲ್ವಾ ಇದು? ಯಾಕೆ ಹೀಗೆ ಬಿಟ್ಟಿದ್ದೀರಿ? ಒಂದು ಕೈ ಪಾಲಿಶ್ ಹೊಡೆಸಬಾರದಾ ಮಾರಾಯ್ರೆ?” ಕೇಳುವವರಲ್ಲಿ ನೆಂಟರಿದ್ದಾರೆ, ಪಕ್ಕದ ದೋಣಿಯ ಮೀನುಗಾರರಿದ್ದಾರೆ, ಸಂಜೆ ಕೋಡಿ ಬೇಂಗ್ರೆ ಕಡೆ ತಿರುಗಾಡಲು ಬಂದು ಸುಮ್ನೆ ಮಾತಿಗೆ ನಿಂತವರೂ ಇದ್ದಾರೆ. ಅವರು ಕೇಳುವುದು ಸಹಜ. ಉಡುಪಿ ಕಡೆ ಸಾಗುವಾನಿ ಅಂದರೆ ಮುಂಬಾಗಿಲು, ಚಾವಡಿಯ ಕಂಬ, ಅಜ್ಜ ಕೂರುತ್ತಿದ್ದ ಉಯ್ಯಾಲೆ. ಅದು ಜೇನಿನ ಬಣ್ಣಕ್ಕೆ ಹೊಳೆಯಬೇಕು. ಹೊಳೆಯದಿದ್ದರೆ ಮನೆಯವರಿಗೆ ಕಾಳಜಿ ಇಲ್ಲ ಅಂತ ಅರ್ಥ. ನಮ್ಮ ಡೆಕ್ಕಿನ ಮರ ಮಾತ್ರ ಒಲೆಯ ಬೂದಿಯ ಬಣ್ಣದಲ್ಲಿ ಬಿದ್ದುಕೊಂಡಿದೆ.

ದೋಣಿ ನನ್ನ ಸೋದರಮಾವನದು. ಮಾವ ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಲೆ ಗೋವಾದಿಂದ ಕೊಂಡು ತಂದ 28 ಅಡಿಯ ಹಳೆಯ ಹಾಯಿದೋಣಿ. ಒಡಲು ಫೈಬರ್. ಡೆಕ್ಕಿಗೆ, ಚುಕ್ಕಾಣಿ ಹಿಡಿದವರು ಕೂರುವ ಕಾಕ್‌ಪಿಟ್ಟಿನ ಸೀಟಿಗೆ, ಕೈಹಿಡಿಗಳಿಗೆ, ಚುಕ್ಕಾಣಿಯ ಹಿಡಿಕೆಗೆ ಸಾಗುವಾನಿ. ಹಾಯಿ, ಹಗ್ಗ, ಇಂಜಿನ್ನು ಮಾವನ ಪಾಲು. ಮರ ನನ್ನ ಪಾಲು. ಹೀಗೆ ಪಾಲು ಮಾಡಿಕೊಂಡದ್ದು ಯಾವತ್ತು ಅಂತ ಇಬ್ಬರಿಗೂ ನೆನಪಿಲ್ಲ. ಆದರೆ ಆವತ್ತಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಇದೆ. ಮರವನ್ನು ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಎಷ್ಟು ಮಾಡುವುದು, ಎಲ್ಲಿ ಕೈ ಕಟ್ಟಿ ನಿಲ್ಲುವುದು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ದೋಣಿಯ ಮೇಲಿನ ಸಾಗುವಾನಿ ಬಿಸಿಲಿಗಿಂತ, ಮಳೆಗಿಂತ, ಉಪ್ಪುಗಾಳಿಗಿಂತ ಜಾಸ್ತಿ ಸವೆಯುವುದು ಅದನ್ನು ಚಂದ ಮಾಡಲು ಹೊರಟವರ ಕೈಯಲ್ಲಿ.

ಮೊದಲು ಆ ಬೂದು ಬಣ್ಣದ ವಿಷಯ ಹೇಳಿಬಿಡುತ್ತೇನೆ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತುವಿಗೆ ಲಿಗ್ನಿನ್ ಅಂತ ಹೆಸರು. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಮೇಲ್ಪದರದ ಲಿಗ್ನಿನ್ ಒಡೆದು ಹೋಗುತ್ತದೆ. ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಬಣ್ಣ ಕಳೆದುಕೊಂಡ ನಾರು. ಅದೇ ಬೂದು. ಅದು ತೀರಾ ತೆಳುವಾದ ಪದರ. ಉಗುರಿನಿಂದ ಗೀರಿದರೆ ಕೆಳಗೆ ಹೊಂಬಣ್ಣ ಹಾಗೇ ಕಾಣುತ್ತದೆ. ಕೊಳೆತ ಮರ ಬೇರೆ, ಬೂದು ಮರ ಬೇರೆ. ಕೊಳೆತದ್ದು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಬೂದು ಮರ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ. ಸಾಗುವಾನಿಯ ಚೇಗಿನಲ್ಲಿ, ಅಂದರೆ ನಡುವಿನ ಗಟ್ಟಿ ತಿರುಳಿನಲ್ಲಿ, ಅದರದ್ದೇ ಎಣ್ಣೆ, ಅಂಟು, ಮರಳಿನ ಅಂಶ ಇರುತ್ತವೆ. ಗೆದ್ದಲು, ಶಿಲೀಂಧ್ರ ಸುಲಭಕ್ಕೆ ಹತ್ತಿರ ಬರುವುದಿಲ್ಲ. ನೀರು ಕುಡಿದರೂ ಉಬ್ಬುವುದು ಕಡಿಮೆ. ಇಷ್ಟೆಲ್ಲ ತಾನೇ ಹೊತ್ತುಕೊಂಡು ಬಂದ ಮರಕ್ಕೆ ನಾವು ಮೇಲಿಂದ ಕೊಡಬೇಕಾದ್ದು ನಿಜವಾಗಿ ಬಹಳ ಕಡಿಮೆ.

ಇನ್ನೊಂದು ಸಂಗತಿ ಉಂಟು. ಡೆಕ್ಕಿಗೆ ವಾರ್ನಿಶ್ ಹಾಕಿದರೆ ಒದ್ದೆಯಾದಾಗ ಕಾಲು ಜಾರುತ್ತದೆ. ಅಳಿವೆಯ ಹತ್ತಿರ ಅಲೆ ಅಡ್ಡ ಬಂದು ದೋಣಿ ಓಲಾಡುವಾಗ ಮುಂದೆ ಹೋಗಿ ಹಾಯಿ ಇಳಿಸುವವರ ಪಾದಕ್ಕೆ ಹಿಡಿತ ಬೇಕು. ಏನೂ ಹಾಕದ ಸಾಗುವಾನಿ ಒದ್ದೆಯಾದರೂ ಪಾದವನ್ನು ಹಿಡಿಯುತ್ತದೆ. ಡೆಕ್ಕಿಗೆ ಆ ಮರ ಹಾಕಿದ್ದೇ ಅದಕ್ಕೆ.

ಬೆರಳಿಗೆ ಸಿಗುವ ಲೆಕ್ಕ

ದೋಣಿ ಬಂದ ಹೊಸದರಲ್ಲಿ ನಾನು ಮಾಡಿದ ಮೊದಲ ಕೆಲಸ ಮೊಣಕಾಲೂರಿ ಕೂತು ಡೆಕ್ಕಿನ ಮೇಲೆ ಅಡ್ಡಕ್ಕೆ ಕೈ ಆಡಿಸಿದ್ದು. ಬೆರಳಿಗೆ ಏಣು ತಗ್ಗು ಸ್ಪಷ್ಟವಾಗಿ ಸಿಗುತ್ತಿತ್ತು, ತೊಳೆಯುವ ಹಲಗೆಯ ಹಾಗೆ. ಮರದಲ್ಲಿ ಮೆತ್ತನೆಯ ಎಳೆ, ಗಟ್ಟಿ ಎಳೆ ಒಂದರ ಪಕ್ಕ ಒಂದು ಇರುತ್ತವೆ. ಗಟ್ಟಿ ಬ್ರಶ್ಶಿನಲ್ಲಿ ಎಳೆಯ ಉದ್ದಕ್ಕೆ ತಿಕ್ಕಿದರೆ ಮೆತ್ತನೆಯದು ಕಿತ್ತು ಬರುತ್ತದೆ, ಗಟ್ಟಿಯದು ಏಣಾಗಿ ನಿಲ್ಲುತ್ತದೆ. ಆಮೇಲೆ ತಗ್ಗಿನಲ್ಲಿ ಕೊಳೆ ಕೂರುತ್ತದೆ, ಪಾಚಿ ಕೂರುತ್ತದೆ. ಅದನ್ನು ತೆಗೆಯಲು ಇನ್ನೂ ಜೋರಾಗಿ ತಿಕ್ಕುತ್ತಾರೆ. ಏಣು ಜಾಸ್ತಿ ಆಯಿತು ಅಂತ ಮರಳುಕಾಗದದ ಮಶಿನ್ ಓಡಿಸಿ ಎಲ್ಲ ಸಮ ಮಾಡುತ್ತಾರೆ. ಒಂದೇ ಸಲಕ್ಕೆ ಮರ ಒಂದು ಮಿಲಿಮೀಟರ್ ತನಕ ಹೋಗಿಬಿಡಬಹುದು. ಮತ್ತೆ ಮೊದಲಿನಿಂದ ಶುರು.

ದೋಣಿಯ ಹಿಂದಿನ ಮಾಲೀಕರು ಎರಡು ಬಾಟಲಿಯ ಕ್ಲೀನರ್ ಬಳಸುತ್ತಿದ್ದರಂತೆ. ಮೊದಲ ಬಾಟಲಿಯಲ್ಲಿ ಕ್ಷಾರ, ಎರಡನೆಯದರಲ್ಲಿ ಆಸಿಡ್. ಒಂದು ಕೊಳೆ ಬಿಡಿಸುತ್ತದೆ, ಇನ್ನೊಂದು ಅದನ್ನು ತಣಿಸಿ ಮರಕ್ಕೆ ಬಣ್ಣ ತರುತ್ತದೆ. ಹಾಕಿದ ದಿನ ನೋಡಲು ಎರಡು ಕಣ್ಣು ಸಾಲದು. ಹೊಸ ಮರವೇ ಸರಿ. ಆದರೆ ಆ ಕ್ಷಾರ ಕೊಳೆಯ ಜತೆಗೆ ಮೆತ್ತನೆಯ ಎಳೆಯನ್ನೂ ಕರಗಿಸಿಕೊಂಡು ಹೋಗುತ್ತದೆ. ತೊಳೆದ ನೀರು ಚಹಾದ ಬಣ್ಣಕ್ಕೆ ಹರಿಯುತ್ತದಲ್ಲ, ಅದರಲ್ಲಿ ಮರವೂ ಇದೆ. ಈಗ ಎಲ್ಲರ ಕೈಗೂ ಪ್ರೆಶರ್ ವಾಶರ್ ಬಂದಿದೆ. ಅದರ ನೀರಿನ ಬಾಣ ಮೆತ್ತನೆಯ ಎಳೆಯನ್ನು ಬ್ರಶ್ಶಿಗಿಂತ ಬೇಗ ಅಗೆಯುತ್ತದೆ. ನಮ್ಮ ಡೆಕ್ಕಿನ ಹಲಗೆ ಹಾಕಿದಾಗ 12 ಮಿಲಿಮೀಟರ್ ದಪ್ಪ ಇದ್ದಿರಬೇಕು. ಒಂದು ಕಡೆ ಸ್ಕ್ರೂ ಬಿಚ್ಚಿ ಅಳೆದಾಗ ಎಂಟಕ್ಕೆ ಬಂದಿತ್ತು. ಹೋದ ನಾಲ್ಕರಲ್ಲಿ ಬಿಸಿಲು ತಿಂದದ್ದು ಚೂರೇ ಚೂರು.

ಹಾಗಾದರೆ ತೊಳೆಯುವುದು ಹೇಗೆ? ಒಂದು ಬಾಲ್ದಿ ಸಮುದ್ರದ ನೀರು, ಒಂದು ಮೆತ್ತನೆಯ ಸ್ಪಂಜು, ಎಳೆಗೆ ಅಡ್ಡವಾಗಿ ಕೈ. ಅಷ್ಟೇ. ಹಳೆಯ ಹಾಯಿ ಹಡಗುಗಳಲ್ಲಿ ಬೆಳಿಗ್ಗೆ ಎದ್ದು ಡೆಕ್ಕಿಗೆ ಸಮುದ್ರದ ನೀರು ಹೊಯ್ಯುತ್ತಿದ್ದರು. ಅದಕ್ಕೆ ಕಾರಣ ಇದೆ. ಉಪ್ಪು ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರ ಪೂರ್ತಿ ಒಣಗಿ ಸಂದಿ ಬಿಡುವುದಿಲ್ಲ. ಪಾಚಿ, ಬೂಸರಿಗೆ ಉಪ್ಪು ಆಗುವುದಿಲ್ಲ. ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಬಿಟ್ಟರೆ ನಮ್ಮ ಹವೆಯಲ್ಲಿ ಕೆಲವೇ ದಿನಕ್ಕೆ ಹಸಿರು ಹತ್ತುತ್ತದೆ. ನಮ್ಮ ದೋಣಿ ನಿಲ್ಲುವ ಜಾಗದಲ್ಲಿ ಮಳೆಗಾಲ ಮುಗಿದ ಹೊಸದರಲ್ಲಿ ಹೊಳೆಯ ನೀರು ಸಿಹಿಯೇ ಇರುತ್ತದೆ. ಆಗ ಅಳಿವೆ ದಾಟಿ ಹೊರಗೆ ಹೋದಾಗಲೇ ಬಾಲ್ದಿ ಇಳಿಸುತ್ತೇನೆ.

ಆಚಾರ್ರ ಉಳಿ

ಡೆಕ್ಕಿನ ಹಲಗೆಯನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಸ್ಕ್ರೂ ತಲೆಯ ಮೇಲೆ ಅದೇ ಮರದ ಒಂದು ಸಣ್ಣ ಬಿಲ್ಲೆ ಹೊಡೆದು ಮುಚ್ಚಿರುತ್ತಾರೆ. ಹಲಗೆ ಸವೆದಂತೆ ಬಿಲ್ಲೆಯೂ ತೆಳುವಾಗುತ್ತದೆ. ಒಂದು ದಿನ ಹಾರಿಹೋಗುತ್ತದೆ. ಆಮೇಲೆ ನೀರು ಸ್ಕ್ರೂ ಹಿಡಿದುಕೊಂಡು ನೇರ ಕೆಳಗೆ ಇಳಿಯುತ್ತದೆ. ಕೆಳಗಿರುವುದು ಫೈಬರಿನ ಎರಡು ಪದರದ ನಡುವೆ ಬಾಲ್ಸಾ ಮರ. ಬೆಂಡಿನಷ್ಟು ಹಗುರ. ಅದಕ್ಕೆ ನೀರು ಮುಟ್ಟಿದರೆ ಕೊಳೆಯುವುದು ಖಂಡಿತ, ಮತ್ತು ಅದು ಮೇಲಿನಿಂದ ಕಾಣುವುದಿಲ್ಲ. ಬಣ್ಣದ ಬಗ್ಗೆ ಕೇಳುವವರಿಗೆ ನಾನು ತೋರಿಸುವುದು ಈ ಬಿಲ್ಲೆಗಳನ್ನು. ಡೆಕ್ಕಿನ ಜೀವ ಇಲ್ಲಿದೆ.

ಒಂದಷ್ಟು ಬಿಲ್ಲೆ ಹಾರಿಹೋಗಿದ್ದ ವರ್ಷ ನಮ್ಮೂರಿನ ಆಚಾರ್ರನ್ನು ಕರೆದೆವು. ಎಪ್ಪತ್ತು ದಾಟಿದವರು. ಮರದ ಟ್ರಾಲ್ ಬೋಟು ಕಟ್ಟುತ್ತಿದ್ದ ಕಾಲದಲ್ಲಿ ಮಲ್ಪೆಯಲ್ಲಿ ದುಡಿದವರು. ಬೋಟುಗಳೆಲ್ಲ ಕಬ್ಬಿಣಕ್ಕೆ, ಫೈಬರಿಗೆ ತಿರುಗಿದ ಮೇಲೆ ಮನೆಯ ಬಾಗಿಲು ಕಿಟಕಿಗೆ ಬಂದವರು. ಹಾಯಿದೋಣಿಯ ಡೆಕ್ಕು ಅವರಿಗೂ ಹೊಸತು. ಬಂದವರು ಚೀಲ ಕೆಳಗಿಡಲಿಲ್ಲ, ನಿಂತೇ ನೋಡಿದರು. ಆಮೇಲೆ ಕೂತು, ಒಂದು ಬಿಲ್ಲೆಯನ್ನು ಹೆಬ್ಬೆರಳಿನಲ್ಲಿ ಸವರಿ, “ಇದನ್ನು ಹಾಕಿದವನಿಗೆ ಮರ ಗೊತ್ತಿತ್ತು” ಅಂದರು. ಯಾಕೆ ಅಂತ ಕೇಳಿದೆ. ಬಿಲ್ಲೆಯ ಎಳೆ ಹಲಗೆಯ ಎಳೆಯ ಜತೆಗೇ ಸಾಗುತ್ತಿತ್ತು. ಸ್ವಲ್ಪ ತಿರುಗಿ ಕೂತಿದ್ದರೆ ಹಿಗ್ಗು ಕುಗ್ಗು ಬೇರೆ ಬೇರೆ ದಿಕ್ಕಿಗಾಗಿ ಅಂಚು ಬಿಟ್ಟುಕೊಳ್ಳುತ್ತದೆ.

ಕೆಲಸ ಮಾಡುವ ರೀತಿ ನೋಡಬೇಕಿತ್ತು. ಹಳೆ ಸ್ಕ್ರೂ ಬಿಚ್ಚಿ, ತೂತನ್ನು ಇನ್ನೊಂದಿಷ್ಟು ಆಳ ಮಾಡುವುದು. ಡ್ರಿಲ್ ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿದ್ದರು, ಅದನ್ನು ದಾಟಿ ಒಂದು ಕೂದಲೂ ಇಳಿಯುತ್ತಿರಲಿಲ್ಲ. ಸ್ಕ್ರೂ ಮತ್ತೆ ಕೂರಿಸಿ, ಸುತ್ತ ಸೀಲೆಂಟ್ ಬಿಟ್ಟು, ತೂತಿನ ಗೋಡೆಯನ್ನು ಅಸಿಟೋನ್ ಬಟ್ಟೆಯಲ್ಲಿ ಒರೆಸುವುದು. ಸಾಗುವಾನಿಯ ಎಣ್ಣೆ ಇದೆಯಲ್ಲ, ಅದು ಯಾವ ಅಂಟನ್ನೂ ಸರಿಯಾಗಿ ಹಿಡಿಯಗೊಡುವುದಿಲ್ಲ. ಅಂಟು ಹಾಕುವ ಸ್ವಲ್ಪ ಮುಂಚೆ ಒರೆಸಿದರೆ ಮೇಲಿನ ಎಣ್ಣೆ ಹೋಗಿ ಹಿಡಿತ ಸಿಗುತ್ತದೆ. ತಡ ಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಬಿಲ್ಲೆಯನ್ನು ಎಪಾಕ್ಸಿಯಲ್ಲಿ ಅದ್ದಿ, ಎಳೆ ಹೊಂದಿಸಿ, ಕೊಡತಿಯಲ್ಲಿ ಮೆಲ್ಲಗೆ ಎರಡು ಪೆಟ್ಟು. ಮೂರನೆಯದು ಬೇಡ ಅಂದರು. ಜಾಸ್ತಿ ಹೊಡೆದರೆ ನಾರು ಜಜ್ಜಿ ಹೋಗುತ್ತದೆ, ನೀರು ಕುಡಿದ ದಿನ ಅದು ಉಬ್ಬಿ ಮೇಲೆದ್ದು ಬರುತ್ತದೆ.

ಮರುದಿನ ಅಂಟು ಒಣಗಿದ ಮೇಲೆ ಉಳಿ ತೆಗೆದರು. ಹೊರಗೆ ಚಾಚಿಕೊಂಡಿದ್ದ ಬಿಲ್ಲೆಯನ್ನು ಹಲಗೆಯ ಮಟ್ಟಕ್ಕೆ ಒಂದೇ ಏಟಿಗೆ ಕತ್ತರಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮೊದಲ ಪೆಟ್ಟು ಮಟ್ಟಕ್ಕಿಂತ ಎರಡು ಮಿಲಿಮೀಟರ್ ಮೇಲೆ. ಚೂರು ಹಾರಿತು. ಕತ್ತರಿಸಿದ ಮೈ ಯಾವ ಕಡೆಗೆ ಇಳಿಜಾರಾಗಿದೆ ಅಂತ ನೋಡಿದರು. ಉಳಿ ಹೋದ ದಿಕ್ಕಿಗೇ ಎಳೆ ಕೆಳಗೆ ಇಳಿಯುತ್ತಿತ್ತು. “ಈ ಕಡೆಯಿಂದ ಹೊಡೆದರೆ ಗುಂಡಿ ಬೀಳ್ತದೆ” ಅಂತ ಎದ್ದು ಇನ್ನೊಂದು ಬದಿಗೆ ಹೋಗಿ ಕೂತರು. ಮಂಡಿ ನೋವು ಇದ್ದವರು. ಪ್ರತಿ ಬಿಲ್ಲೆಗೂ ಹೀಗೇ. ಎಳೆ ಆಚೆ ಕಡೆಯಿಂದ ಬಂದರೆ ಆಚೆ, ಈಚೆಯಿಂದ ಬಂದರೆ ಈಚೆ. ಮಾವ ಒಂದು ಸ್ಟೂಲು ತಂದುಕೊಟ್ಟರು. ಅದರ ಮೇಲೆ ಆಚಾರ್ರು ಕೂರಲಿಲ್ಲ, ಉಳಿಗಳನ್ನು ಸಾಲಾಗಿ ಇಟ್ಟುಕೊಂಡರು. ಸಂಜೆಗೆ ಹೊಸ ಬಿಲ್ಲೆಗಳು ಬೂದು ಡೆಕ್ಕಿನ ಮೇಲೆ ಹೊಂಬಣ್ಣದ ಚುಕ್ಕಿಗಳಾಗಿ ಕಾಣುತ್ತಿದ್ದವು. ಎಲ್ಲ ಒಂದೇ ಬಣ್ಣ ಮಾಡಲು ಡೆಕ್ಕನ್ನೇ ಉಜ್ಜಿಬಿಡೋಣವಾ ಅಂತ ಮಾವ ಕೇಳಿದರು. ಆಚಾರ್ರು ತಲೆ ಎತ್ತಲೂ ಇಲ್ಲ. “ನಾಲ್ಕು ತಿಂಗಳು ಬಿಸಿಲು ಬೀಳಲಿ. ಅದೇ ಒಂದಾಗ್ತದೆ.”

ಹಾಗೇ ಆಯಿತು. ಈಗ ಆ ಬಿಲ್ಲೆಗಳನ್ನು ಹುಡುಕಿ ತೋರಿಸಬೇಕೆಂದರೆ ನನಗೂ ಕಷ್ಟ.

ಹಲಗೆ ಹಲಗೆಯ ನಡುವಿನ ಕಪ್ಪು ರಬ್ಬರಿನ ಗೆರೆಯದ್ದೂ ಇದೇ ಬಗೆಯ ಸೂಕ್ಷ್ಮ. ಅದು ಎರಡು ಪಕ್ಕದ ಹಲಗೆಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಬಾರದು. ತಳಕ್ಕೂ ಅಂಟಿದರೆ ಮರ ಕುಗ್ಗುವಾಗ ರಬ್ಬರಿಗೆ ಎಳೆದುಕೊಳ್ಳಲು ಆಗದೆ ಒಂದು ಪಕ್ಕ ಕಿತ್ತುಕೊಳ್ಳುತ್ತದೆ. ಅದಕ್ಕೇ ಆ ಸಂದಿಯ ತಳದಲ್ಲಿ ಮೊದಲು ತೆಳುವಾದ ಒಂದು ಟೇಪು ಹಾಕುತ್ತಾರೆ. ಎಲ್ಲಿ ಕಿತ್ತಿದೆ ಅಂತ ತಿಳಿಯಲು ದೊಡ್ಡ ವಿದ್ಯೆ ಬೇಡ. ಡೆಕ್ಕಿಗೆ ನೀರು ಹೊಯ್ದು ಕಾಯಬೇಕು. ಬಿಸಿಲಿಗೆ ಮರ ಎಲ್ಲ ಒಣಗುತ್ತಾ ಬರುವಾಗ ಬಿರುಕು ಇರುವ ಕಡೆ ಮಾತ್ರ ಗೆರೆಯ ಪಕ್ಕ ಒದ್ದೆ ಉಳಿದಿರುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಅಷ್ಟನ್ನು ಮಾತ್ರ ಬಿಡಿಸಿ ತುಂಬಿದರೆ ಸಾಕು. ನನಗೆ ಈ ಕೆಲಸ ತುಂಬಾ ಇಷ್ಟ. ಅರ್ಧ ಗಂಟೆ ಸುಮ್ನೆ ಕೂತು ಮರ ಒಣಗುವುದನ್ನು ನೋಡುವುದೇ ಇದರ ಮುಖ್ಯ ಭಾಗ.

ಎಣ್ಣೆಯ ಮಾತು

ಅಂಗಡಿಯಲ್ಲಿ ಟೀಕ್ ಆಯಿಲ್ ಅಂತ ಡಬ್ಬಿ ಸಿಗುತ್ತದೆ. ಸಾಗುವಾನಿಯಿಂದ ತೆಗೆದ ಎಣ್ಣೆ ಅಂತ ಎಷ್ಟೋ ಜನ ನಂಬಿದ್ದಾರೆ. ಹೆಚ್ಚಿನ ಡಬ್ಬಿಗಳಲ್ಲಿ ಇರುವುದು ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆ, ಜತೆಗೆ ಥಿನ್ನರ್. ಒಣ ಹವೆಯ ಊರಿನಲ್ಲಿ ಅದು ನಡೆಯಬಹುದು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಅಗಸೆ ಎಣ್ಣೆ ಬೂಸರಿಗೆ ಹಬ್ಬದೂಟ. ಹಚ್ಚಿದ ವಾರ ಚಂದ. ಆಮೇಲೆ ಕಪ್ಪು ಕಲೆ. ಆ ಕಪ್ಪನ್ನು ತೆಗೆಯಲು ಮತ್ತೆ ಕ್ಲೀನರ್, ಮತ್ತೆ ಬ್ರಶ್ಶು, ಮತ್ತೆ ಎಣ್ಣೆ. ಎಣ್ಣೆ ಹಚ್ಚಿದರೆ ಮರಕ್ಕೆ ಆಹಾರ ಕೊಟ್ಟಂತೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಡಿದ ಮರಕ್ಕೆ ಹಸಿವಿಲ್ಲ.

ನಮ್ಮವರದ್ದೇ ಎಣ್ಣೆಗಳಿವೆ. ಗೇರುಬೀಜದ ಸಿಪ್ಪೆಯ ಎಣ್ಣೆ, ಬೂತಾಯಿ ಮೀನಿನ ಎಣ್ಣೆ. ಮಂಗಳೂರು ಕಡೆಯ ಹಂಚಿನ ಮನೆಗಳ ಪಕ್ಕಾಸಿಗೆ, ಮರದ ದೋಣಿಗಳ ಮೈಗೆ ಇವನ್ನು ಹಚ್ಚುತ್ತಿದ್ದರು. ಗೆದ್ದಲು ಬಾರದ ಹಾಗೆ, ನೀರು ಇಳಿಯದ ಹಾಗೆ ಅವು ಕೆಲಸ ಮಾಡುತ್ತವೆ. ಆದರೆ ಗೇರು ಎಣ್ಣೆ ಕಪ್ಪು, ಹಸಿಯಾಗಿದ್ದಾಗ ಚರ್ಮ ಸುಡುತ್ತದೆ. ಬರಿಗಾಲಲ್ಲಿ ನಡೆಯುವ, ಕೂರುವ ಜಾಗಕ್ಕೆ ಅದು ಸಲ್ಲದು. ಯಾವ ಮರಕ್ಕೆ, ದೋಣಿಯ ಯಾವ ಭಾಗಕ್ಕೆ ಏನು ಅಂತ ಹಿಂದಿನವರಿಗೆ ಲೆಕ್ಕ ಇತ್ತು. ಎಲ್ಲದಕ್ಕೂ ಒಂದೇ ಡಬ್ಬಿ ಅವರು ತೆರೆಯುತ್ತಿರಲಿಲ್ಲ.

ಕಡಲಗಾಳಿ ಏಳುವ ಮುಂಚೆ

ಹಾಗಂತ ನಾನು ಹೊಳಪಿನ ವೈರಿ ಅಲ್ಲ. ಕಾಲಿಡದ ಜಾಗಗಳಿಗೆ, ಅಂದರೆ ಕೈಹಿಡಿಗಳಿಗೆ, ಕ್ಯಾಬಿನ್ನಿನ ಬಾಗಿಲ ಚೌಕಟ್ಟಿಗೆ, ಚುಕ್ಕಾಣಿಯ ಹಿಡಿಕೆಗೆ ವಾರ್ನಿಶ್ ಹಾಕುತ್ತೇವೆ. ಈ ವಿಷಯದಲ್ಲಿ ಮಾವನೇ ಗುರು. ಹಡಗಿನಲ್ಲಿದ್ದಾಗ ಕಲಿತದ್ದು, ಅವರ ಕೈ ಇವತ್ತಿಗೂ ನಡುಗುವುದಿಲ್ಲ.

ನಮ್ಮ ಕಡೆ ವಾರ್ನಿಶ್ ಹಾಕಲು ದಿನದಲ್ಲಿ ಸಿಗುವ ಹೊತ್ತು ಬಹಳ ಚಿಕ್ಕದು. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಎಲ್ಲದರ ಮೇಲೂ ಮಂಜಿನ ಹನಿ. ಅದು ಆರಲು ಒಂಬತ್ತು ಗಂಟೆ ಆಗುತ್ತದೆ. ಬೆಳಿಗ್ಗೆ ಘಟ್ಟದ ಕಡೆಯಿಂದ ಬೀಸುವುದು ಒಣ ಗಾಳಿ. ಮಧ್ಯಾಹ್ನದ ಹೊತ್ತಿಗೆ ಅದು ನಿಂತು ಕಡಲಗಾಳಿ ಏಳುತ್ತದೆ, ತೇವ ಮತ್ತು ಉಪ್ಪು ಹೊತ್ತುಕೊಂಡು. ಇವೆರಡರ ನಡುವಿನ ಮೂರು ಗಂಟೆ ನಮ್ಮದು. ಅದರಲ್ಲೂ ನೇರ ಬಿಸಿಲು ಬೀಳುವ ಕಡೆ ಹಚ್ಚಿದರೆ ಗುಳ್ಳೆ ಏಳುತ್ತದೆ, ಹಾಗಾಗಿ ನೆರಳು ಹಿಡಿದುಕೊಂಡು ಸುತ್ತ ತಿರುಗಬೇಕು. ಇದ್ದಕ್ಕಿದ್ದಂತೆ ಕಾರಿನಲ್ಲಿ ಬಂದು ಇಳಿದ ನೆಂಟರು ಕೆಂಪು ಮುರಕಲ್ಲಿನ ಧೂಳು ಎಬ್ಬಿಸಿದರೆ ಆ ದಿನದ ಕೆಲಸ ಮುಗಿದ ಹಾಗೆ.

ಮಾವ ಹಿಂದಿನ ದಿನವೇ ಹಿಡಿಕೆಯನ್ನು ಸಿಹಿನೀರಿನಲ್ಲಿ ಒರೆಸಿ ಇಡುತ್ತಾರೆ. ಡೆಕ್ಕಿಗೆ ಒಳ್ಳೆಯದಾದ ಉಪ್ಪು ವಾರ್ನಿಶಿಗೆ ಆಗುವುದಿಲ್ಲ. ಪದರದ ಕೆಳಗೆ ಉಪ್ಪಿನ ಹರಳು ಸಿಕ್ಕಿಕೊಂಡರೆ ಅದು ತೇವ ಎಳೆದು ವಾರ್ನಿಶನ್ನು ಮೇಲೆತ್ತುತ್ತದೆ. ಮೊದಲ ಪದರಕ್ಕೆ ಅರ್ಧಕ್ಕರ್ಧ ಥಿನ್ನರ್ ಬೆರೆಸುತ್ತಾರೆ, ಮರದೊಳಗೆ ಇಳಿಯಲಿ ಅಂತ. ಆಮೇಲಿನದ್ದು ದಪ್ಪ ದಪ್ಪ ಆಗುತ್ತಾ ಹೋಗುತ್ತದೆ. ಪ್ರತಿ ಪದರ ಒಣಗಿದ ಮೇಲೆ 320ರ ಮರಳುಕಾಗದದಲ್ಲಿ ಹಗುರಾಗಿ ಉಜ್ಜಿ ಮತ್ತೊಂದು. ಆರು ಪದರಕ್ಕಿಂತ ಕಡಿಮೆ ಇದ್ದರೆ ಬಿಸಿಲು ತಡೆಯುವುದಿಲ್ಲ. ಮರದ ಕೊನೆಯ ಕಡಿದ ಮೈಗೆ ಇನ್ನೆರಡು ಜಾಸ್ತಿ, ನೀರು ಅಲ್ಲಿಂದಲೇ ಒಳಗೆ ಹೋಗುವುದು. ಬ್ರಶ್ಶನ್ನು ಒದ್ದೆ ಅಂಚಿನಿಂದ ಒಣ ಕಡೆಗೆ ಎಳೆಯುವುದಿಲ್ಲ ಮಾವ. ಒಣ ಕಡೆಯಿಂದ ಶುರು ಮಾಡಿ ಒದ್ದೆಯ ಒಳಗೆ ತಂದು ಮೆಲ್ಲಗೆ ಎತ್ತುತ್ತಾರೆ. ಬ್ರಶ್ಶಿನ ಗುರುತು ಕಾಣುವುದೇ ಇಲ್ಲ. “ಮಾತಾಡ್ಬೇಡ ಈಗ” ಅನ್ನುತ್ತಾರೆ. ನಾನು ಮಾತಾಡುವುದಿಲ್ಲ.

ಇಷ್ಟು ಮಾಡಿದರೂ ನಮ್ಮ ಬಿಸಿಲಿಗೆ ವರ್ಷಕ್ಕೆರಡು ಸಲ ಮೇಲೊಂದು ಪದರ ಕೊಡಲೇಬೇಕು. ತಪ್ಪಿಸಿದರೆ ಎಲ್ಲೋ ಒಂದು ಮೂಲೆಯಲ್ಲಿ ಕೂದಲೆಳೆಯ ಬಿರುಕು ಬಿದ್ದು ನೀರು ಇಳಿದು ಹಳದಿ ಮಚ್ಚೆ ಏಳುತ್ತದೆ. ಮಚ್ಚೆ ಎದ್ದ ಮೇಲೆ ಎಲ್ಲ ಹೆರೆದು ಮೊದಲಿನಿಂದ. ಅದಕ್ಕಿಂತ ಮಾವನ ಉಪಾಯ ಒಳ್ಳೆಯದು. ದಪ್ಪ ಬಟ್ಟೆಯಲ್ಲಿ ಹಿಡಿಕೆಗೆ ಒಂದು ಚೀಲ ಹೊಲಿಸಿದ್ದಾರೆ. ದೋಣಿ ನಿಂತಿರುವಾಗ ಹಿಡಿಕೆ ಚೀಲದೊಳಗೆ. ದೊಡ್ಡ ಬಾಟಲಿಗಳಿಗಿಂತ ಈ ಬಟ್ಟೆಯ ತುಂಡು ಹೆಚ್ಚು ಮರ ಉಳಿಸಿದೆ.

ಜೂನ್ ಬಂದಾಗ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳು ಒತ್ತಾಗಿ ನಿಲ್ಲುತ್ತವೆ, ದುರಸ್ತಿ ಕೆಲಸ ಶುರುವಾಗುತ್ತದೆ. ನಾವು ಅದಕ್ಕೂ ಮುಂಚೆ ದೋಣಿಯನ್ನು ದಡಕ್ಕೆ ಎತ್ತಿಸುತ್ತೇವೆ. ಒಂದು ವರ್ಷ ಜಾಗ ಸಿಕ್ಕಿದ್ದು ಕಬ್ಬಿಣದ ಬೋಟುಗಳ ನಡುವೆ. ಹಗಲಿಡೀ ಗ್ರೈಂಡರ್ ಹಾರಿಸಿದ ಕಬ್ಬಿಣದ ಪುಡಿ ಕಣ್ಣಿಗೆ ಕಾಣದೆ ಬಂದು ಡೆಕ್ಕಿನ ಮೇಲೆ ಕೂತಿತು. ರಾತ್ರಿಯ ತೇವಕ್ಕೆ ತುಕ್ಕು ಹಿಡಿದು ಬೆಳಿಗ್ಗೆ ಡೆಕ್ಕಿನ ತುಂಬಾ ಕಪ್ಪು ಚುಕ್ಕೆ. ಇಂಥಲ್ಲಿ ಮಾತ್ರ ನಾನು ಆಸಿಡ್ ಮುಟ್ಟುತ್ತೇನೆ. ಆಕ್ಸಾಲಿಕ್ ಆಸಿಡ್ಡನ್ನು ನೀರಲ್ಲಿ ತೆಳುವಾಗಿ ಕರಗಿಸಿ, ಕೈಗೆ ಗ್ಲೌಸ್ ಹಾಕಿ, ಚುಕ್ಕೆ ಇದ್ದ ಕಡೆಗೆ ಮಾತ್ರ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಧಾರಾಳ ನೀರಲ್ಲಿ ತೊಳೆದರೆ ಕಬ್ಬಿಣದ ಕಪ್ಪು ಹೋಗುತ್ತದೆ. ಅದೇ ಕಾರಣಕ್ಕೆ ಅಡುಗೆಮನೆಯ ಸ್ಟೀಲ್ ವುಲ್ ಸಾಗುವಾನಿಗೆ ಯಾವತ್ತೂ ತಾಗಿಸಬಾರದು. ಮುರಿದ ಎಳೆ ಮರದಲ್ಲೇ ಉಳಿದು ತುಕ್ಕು ಹಿಡಿಯುತ್ತದೆ.

ಮಳೆಗೆ ಹೊದಿಕೆ ಹಾಕುವ ವಿಷಯದಲ್ಲೂ ನನ್ನದೊಂದು ಹಟ. ಪ್ಲಾಸ್ಟಿಕ್ ಟಾರ್ಪಾಲನ್ನು ಡೆಕ್ಕಿಗೆ ಒತ್ತಿ ಬಿಗಿದು ಕಟ್ಟಿದರೆ ಕೆಳಗೆ ಬೆವರು ಕಟ್ಟಿ ಮೂರು ತಿಂಗಳೂ ಮರ ಬೇಯುತ್ತದೆ. ಹಿಂದೆ ದೋಣಿಗಳಿಗೆ ಮಡಲಿನ ಚಪ್ಪರ ಹಾಕುತ್ತಿದ್ದರು. ಮಳೆ ತಡೆಯುತ್ತಿತ್ತು, ಗಾಳಿ ಆಡುತ್ತಿತ್ತು. ನಾವು ಟಾರ್ಪಾಲನ್ನೇ ಬಳಸುತ್ತೇವೆ, ಆದರೆ ಬಿದಿರಿನ ಕಟ್ಟು ಕಟ್ಟಿ ಡೆಕ್ಕಿನಿಂದ ಎರಡು ಮೂರು ಅಡಿ ಎತ್ತರಕ್ಕೆ, ಎರಡು ತುದಿ ತೆರೆದು. ಕ್ಯಾಬಿನ್ನಿನ ಒಳಗಿನ ಕಪಾಟಿನ ಬಾಗಿಲುಗಳೆಲ್ಲ ತೆಗೆದೇ ಇರುತ್ತವೆ. ಆಟಿ ತಿಂಗಳಲ್ಲಿ ಮಳೆ ಬಿಟ್ಟ ಒಂದು ಹೊತ್ತು ನೋಡಿ ಹೋಗಿ ಒಳಗಿನ ಮರವನ್ನು ನೀರು ಬೆರೆಸಿದ ವಿನೆಗರಿನಲ್ಲಿ ಒರೆಸಿ ಬರುವುದು. ಬೂಸರು ಬೇರೂರುವ ಮುಂಚೆ ಒರೆಸಿದರೆ ಬಟ್ಟೆ ಸಾಕು.

ಮರ ಬರುವುದೆಲ್ಲಿಂದ

ಇಷ್ಟು ಹಿಡಿತ ಯಾಕೆ, ಹೋದರೆ ಹೊಸ ಮರ ಹಾಕಿದರಾಯಿತಲ್ಲ ಅಂತ ಕೇಳುವವರೂ ಇದ್ದಾರೆ. ನಮ್ಮ ಘಟ್ಟದ ಸಾಗುವಾನಿಗೆ ಕಡಲಿನ ಜತೆ ಹಳೆಯ ಸಂಬಂಧ ಇದೆ. ಬೊಂಬಾಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ಸಾಗುವಾನಿಯಲ್ಲಿ ಬ್ರಿಟಿಷ್ ನೌಕಾಪಡೆಗೆ ಕಟ್ಟಿಕೊಟ್ಟ ಟ್ರಿಂಕೋಮಲಿ ಎಂಬ ಹಡಗು 1817ರಲ್ಲಿ ನೀರಿಗಿಳಿಯಿತು. ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ನಡುವೆ ದೊಡ್ಡ ದುರಸ್ತಿ ಆಗಿದೆ ನಿಜ, ಆದರೆ ಮರ ತಡೆದುಕೊಂಡಿದೆ. ಹೀಗೆ ಕಡಿದು ಕಡಿದು ಕಾಡು ಬರಿದಾಗುತ್ತಾ ಬಂದಾಗಲೇ 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕಾನಲಿ ನಿಲಂಬೂರಿನಲ್ಲಿ ಸಾಗುವಾನಿ ನೆಡಿಸಲು ಶುರು ಮಾಡಿದ್ದು. ಗಿಡ ಬೆಳೆಸುವ ಕೆಲಸ ನೋಡಿಕೊಂಡವರು ಚಾತು ಮೇನೋನ್. ಅಂದರೆ ಸಾಗುವಾನಿ ಮುಗಿಯಬಹುದು ಎಂಬ ಭಯ ಇವತ್ತಿನದಲ್ಲ.

ದೋಣಿ ಕಟ್ಟುವವರು ದಶಕಗಳ ಕಾಲ ಬರ್ಮಾದ ಕಾಡು ಸಾಗುವಾನಿಗೇ ಗಂಟುಬಿದ್ದಿದ್ದರು. 2021ರಲ್ಲಿ ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಅಮೆರಿಕ, ಯುರೋಪ್ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ನಿರ್ಬಂಧ ಹಾಕಿದವು. ನಮ್ಮಲ್ಲಿ ಅರಣ್ಯ ಇಲಾಖೆಯ ದಾಂಡೇಲಿ ಡಿಪೋದಲ್ಲಿ ಹರಾಜಿಗೆ ಬರುವ ಮರ ಇದೆ, ತೋಟದ ಮರ ಇದೆ. ಬೇಗ ಬೆಳೆದ ಎಳೆಯ ಮರದಲ್ಲಿ ಬಿಳಿ ಭಾಗ ಜಾಸ್ತಿ, ಚೇಗು ಕಡಿಮೆ. ಆ ಬಿಳಿ ಭಾಗಕ್ಕೆ ಚೇಗಿನ ಗುಣ ಇಲ್ಲ, ಅದು ಬೇರೆ ಮರಗಳ ಹಾಗೇ ಕೊಳೆಯುತ್ತದೆ. ಸವೆಯಲು ಬಿಟ್ಟ ನಮ್ಮ ಡೆಕ್ಕಿನ ನಾಲ್ಕು ಮಿಲಿಮೀಟರ್ ಬೆಳೆಯಲು ಒಂದು ಮರ ಎಷ್ಟು ಮಳೆಗಾಲ ಕಂಡಿರಬೇಕು ಅಂತ ಯೋಚಿಸಿದರೆ ಮರಳುಕಾಗದ ಹಿಡಿದ ಕೈ ತಾನಾಗಿ ಹಗುರಾಗುತ್ತದೆ.

ಕಾಕ್‌ಪಿಟ್ಟಿನ ಸೀಟಿನ ಎರಡು ಹಲಗೆ ಮಾತ್ರ ಇನ್ನು ಬಾಳುವುದಿಲ್ಲ. ಸ್ಕ್ರೂ ಕೂರಲು ದಪ್ಪವೇ ಉಳಿದಿಲ್ಲ. ಈ ವಿಷಯದಲ್ಲಿ ಮಾವನಿಗೂ ನನಗೂ ಒಮ್ಮತ ಇಲ್ಲ. ಸಾಗುವಾನಿಯ ಹಾಗೆ ಕಾಣುವ ಪ್ಲಾಸ್ಟಿಕ್ ಹಾಸು ಬಂದಿದೆ, ಅದನ್ನು ಅಂಟಿಸಿಬಿಡೋಣ, ತೊಳೆದರೆ ಮುಗಿಯಿತು ಅನ್ನುತ್ತಾರೆ ಅವರು. ಅದರಲ್ಲಿ ನ್ಯಾಯ ಇದೆ, ಒಂದು ಮರವಾದರೂ ಉಳಿಯುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನ ಆ ಹಾಸಿನ ಮೇಲೆ ಕೂರಲು ಆಗುವುದಿಲ್ಲ, ಸಾಗುವಾನಿಗಿಂತ ಜಾಸ್ತಿ ಸುಡುತ್ತದೆ. ನಾನು ಹೇಳುವುದು ಹಳೆ ಮನೆಯ ಮರ. ಉಡುಪಿ ಸುತ್ತಮುತ್ತ ಹಂಚಿನ ಮನೆಗಳನ್ನು ಬಿಚ್ಚುವಾಗ ತೊಲೆ, ಬಾಗಿಲ ದಾರಂದ ಮಾರಾಟಕ್ಕೆ ಬರುತ್ತವೆ. ಅಂಥ ಒಂದು ಮನೆಯ ಸಾಗುವಾನಿ ತೊಲೆಯ ತುಂಡನ್ನು ಆಚಾರ್ರೇ ನೋಡಿ ಆರಿಸಿಕೊಟ್ಟಿದ್ದಾರೆ. ಹೊರಗೆಲ್ಲ ಹೊಗೆಯ ಮಸಿ. ಒಂದು ಮೂಲೆಯಲ್ಲಿ ಕೀಸಿ ನೋಡಿದಾಗ ಗೆರೆಗಳು ಒತ್ತೊತ್ತಾಗಿದ್ದವು, ಮೂಗಿಗೆ ಹಿಡಿದರೆ ಚರ್ಮದಂಥ ಆ ವಾಸನೆ ಇನ್ನೂ ಇತ್ತು.

ಕೊಯ್ಯುವ ಮೊದಲು ಒಳಗಿನ ಹಳೆ ಮೊಳೆಗಳನ್ನೆಲ್ಲ ಹುಡುಕಿ ತೆಗೆಯಬೇಕು, ಇಲ್ಲದಿದ್ದರೆ ಮಿಲ್ಲಿನವರು ಗರಗಸ ಹಚ್ಚಲು ಒಪ್ಪುವುದಿಲ್ಲ. ಅಯಸ್ಕಾಂತ ಕಟ್ಟಿದ ದಾರ ಹಿಡಿದು ಇಂಚಿಂಚೇ ನೋಡುತ್ತಾ ಬಂದಿದ್ದೇನೆ, ಅರ್ಧ ತೊಲೆ ಮುಗಿದಿದೆ. ಉಳಿದದ್ದು ದೀಪಾವಳಿಯ ಒಳಗೆ ಆಗಬೇಕು. ಎರಡು ಹಲಗೆಗೆ ಬೇಕಾದಷ್ಟು ಕೊಯ್ಸಿ ಉಳಿದ ತುಂಡನ್ನು ಬಿಲ್ಲೆ ಕತ್ತರಿಸಲು ಇಟ್ಟುಕೊಳ್ಳಿ ಅಂತ ಆಚಾರ್ರು ಹೇಳಿದ್ದಾರೆ. ಹಲಗೆ ಎಷ್ಟು ದಪ್ಪ ಕೊಯ್ಸುವುದು ಅಂತ ಕೇಳಿದ್ದಕ್ಕೆ 15 ಮಿಲಿಮೀಟರ್ ಅಂದರು.